ಹಳೆಯ ಧ್ವನಿಮುದ್ರಣ ಯೋಜನೆಗಳನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸುವ ಬಗೆ

ನಮ್ಮ ಸಂಘದಲ್ಲಿ ಭಾವಗೀತೆ ಹಾಗೂ ಸಮೂಹಗಾನಗಳ ಧ್ವನಿಮುದ್ರಣವು ಕ್ಯಾಸೆಟ್ಟಿನಿಂದ ಗಣಕಯಂತ್ರಕ್ಕೆ ಬಂದು ಎರಡು ದಶಕಗಳು ಸಂದಿವೆ. 2004ರ ರಾಜ್ಯೋತ್ಸವದ ನಿಮಿತ್ತ ನಾವು ಆರು ಹಾಡುಗಳ ಒಂದು ಸಿ.ಡಿ.ಯನ್ನು ಹೊರತಂದಿದ್ದೆವು. ನಮಗೆಲ್ಲ ಹಾಡು ಕಲಿಸಿದ ಹಾರ್ಮೋನಿಯಂ ಮೇಷ್ಟರು ಇಂದು ನಮ್ಮೊಡನಿಲ್ಲ. ಸಿ.ಡಿ.ಯಲ್ಲಿ ಅವರ ಹಾರ್ಮೋನಿಯಂ, ತಬಲಾ ಮತ್ತು ಮೇಳದ ದನಿಗಳ ಕೆಳಗೆ ಅಡಗಿಹೋಗಿದೆ. ಅದನ್ನು ಪ್ರತ್ಯೇಕವಾಗಿ ಕೇಳಬೇಕೆಂದರೆ ಮೂಲ ಯೋಜನಾ ಕಡತಗಳನ್ನೇ ತೆರೆಯಬೇಕು. ಆ ಪ್ರಯತ್ನದಲ್ಲಿ ನಾವು ಕಲಿತುದನ್ನು, ಇಂತಹುದೇ ಕಡತಗಳನ್ನು ಇಟ್ಟುಕೊಂಡಿರುವ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ನೀಡುತ್ತಿದ್ದೇವೆ.

ಯೋಜನಾ ಕಡತದಲ್ಲಿ ಏನಿರುತ್ತದೆ?

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಬಹುತೇಕ ತಂತ್ರಾಂಶಗಳ ಯೋಜನಾ ಕಡತದಲ್ಲಿ ಧ್ವನಿ ಇರುವುದಿಲ್ಲ. ಯಾವ ಧ್ವನಿ ಕಡತದ ಯಾವ ತುಣುಕು ಎಷ್ಟನೆಯ ಕ್ಷಣದಲ್ಲಿ, ಎಷ್ಟು ಮಟ್ಟದಲ್ಲಿ, ಯಾವ ಪರಿಣಾಮದೊಡನೆ ನುಡಿಯಬೇಕೆಂಬ ಸೂಚನೆಗಳಷ್ಟೇ ಅದರಲ್ಲಿರುತ್ತವೆ. ನಿಜವಾದ ಧ್ವನಿಯು ಪಕ್ಕದ ಫೋಲ್ಡರಿನಲ್ಲಿ ವೇವ್ ಕಡತಗಳ ರೂಪದಲ್ಲಿರುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಯೋಜನಾ ಕಡತವು ಲೆಡ್ಜರು. ಧ್ವನಿ ಕಡತಗಳು ಖಜಾನೆಯ ಹಣ. ಲೆಡ್ಜರು ಕೈಗೆ ಸಿಕ್ಕ ಮಾತ್ರಕ್ಕೆ ಹಣ ಸಿಕ್ಕಂತಾಗದು.

ಉಚಿತ ತಂತ್ರಾಂಶವಾದ ಆಡಾಸಿಟಿಯೂ ದೀರ್ಘಕಾಲ ಹೀಗೆಯೇ ಇತ್ತು. ಧ್ವನಿಯನ್ನು ಸಣ್ಣ ಸಣ್ಣ ತುಣುಕುಗಳಾಗಿಸಿ ಪ್ರತ್ಯೇಕ ಫೋಲ್ಡರಿನಲ್ಲಿ ಇಡುತ್ತಿತ್ತು. 2021ರಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಎಲ್ಲವೂ ಒಂದೇ ಕಡತದೊಳಗೆ ಸೇರಿವೆ.

ಹಳೆಯದು ಏಕೆ ತೆರೆಯುವುದಿಲ್ಲ?

ಒಂದು ಹಾಡು ತಾನಾಗಿ ಹಳತಾಗುವುದಿಲ್ಲ. ಅದನ್ನು ಹೊತ್ತ ತಂತ್ರಾಂಶ ಹಳತಾಗುತ್ತದೆ. ಕೆಲವು ಉದಾಹರಣೆಗಳನ್ನು ಗಮನಿಸಬಹುದು.

ಇಮ್ಯಾಜಿಕ್ ಸಂಸ್ಥೆಯ ಲಾಜಿಕ್ ತಂತ್ರಾಂಶವನ್ನು 2002ರಲ್ಲಿ ಆಪಲ್ ಕೊಂಡುಕೊಂಡ ಮೇಲೆ ಅದರ ವಿಂಡೋಸ್ ಆವೃತ್ತಿ ನಿಂತುಹೋಯಿತು. ಕೂಲ್ ಎಡಿಟ್ ಪ್ರೊ 2003ರಲ್ಲಿ ಅಡೋಬಿ ಸಂಸ್ಥೆಯ ಪಾಲಾಗಿ ಆಡಿಷನ್ ಎಂಬ ಹೆಸರು ಪಡೆಯಿತು. 2011ರ ಆವೃತ್ತಿಯಲ್ಲಿ ಅದರ ಯೋಜನಾ ಕಡತದ ಸ್ವರೂಪವೇ ಬದಲಾಯಿತು. ಸ್ಟೈನ್‌ಬರ್ಗ್ ಸಂಸ್ಥೆಯ ಕ್ಯೂಬೇಸ್ ವಿ.ಎಸ್.ಟಿ. ಕಾಲದ ಹಾಡುಗಳನ್ನು ಕ್ಯೂಬೇಸ್ ಎಸ್.ಎಕ್ಸ್. 3ರವರೆಗೆ ಮಾತ್ರ ತೆರೆಯಬಹುದಿತ್ತು. ಮುಂದಿನ ಆವೃತ್ತಿಗಳು ಅವನ್ನು ಗುರುತಿಸಲಿಲ್ಲ. ಕೇಕ್‌ವಾಕ್ ತಂತ್ರಾಂಶದ ಅಭಿವೃದ್ಧಿಯನ್ನು ಗಿಬ್ಸನ್ ಸಂಸ್ಥೆ 2017ರಲ್ಲಿ ನಿಲ್ಲಿಸಿತು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಮುಂದುವರಿಸಿತು.

ತಂತ್ರಾಂಶವೇ ಉಳಿದರೂ ಅದರೊಡನೆ ಜೋಡಿಸಿದ ಪ್ಲಗಿನ್‌ಗಳು ಉಳಿಯುವುದಿಲ್ಲ. 2016ರ ಕೊನೆಯಲ್ಲಿ ಬಂದ ಕ್ಯೂಬೇಸ್ 9, ಮೂವತ್ತೆರಡು ಬಿಟ್ಟಿನ ಪ್ಲಗಿನ್‌ಗಳನ್ನು ಕೈಬಿಟ್ಟಿತು. 2019ರ ಮ್ಯಾಕ್ ಓ.ಎಸ್. ಕ್ಯಾಟಲೀನಾ ಮೂವತ್ತೆರಡು ಬಿಟ್ಟಿನ ಎಲ್ಲ ತಂತ್ರಾಂಶಗಳನ್ನೂ ನಿರಾಕರಿಸಿತು. ಆದುದರಿಂದ ಹಾಡು ತೆರೆದರೂ ಅದರ ಗುಂಗು, ಗವಿದನಿಯಂತಹ ಪರಿಣಾಮಗಳು ಮಾಯವಾಗಿರಬಹುದು.

ವರ್ಗಾವಣೆಯ ನಾಲ್ಕು ದಾರಿಗಳು

1. ನೇರ ಧ್ವನಿ ಕಡತಗಳು: ಇದು ಎಲ್ಲಕ್ಕಿಂತ ನಂಬಿಕಸ್ಥವಾದ ದಾರಿ. ಹಳೆಯ ತಂತ್ರಾಂಶದಲ್ಲಿಯೇ ಪ್ರತಿಯೊಂದು ಟ್ರ್ಯಾಕನ್ನೂ ಹಾಡಿನ ಆರಂಭ ಬಿಂದುವಿನಿಂದ ಕೊನೆಯವರೆಗೆ ಒಂದೊಂದು ವೇವ್ ಕಡತವಾಗಿ ಹೊರತೆಗೆಯಬೇಕು. ಗಾಯಕಿ ಎರಡನೆಯ ಚರಣದಲ್ಲಷ್ಟೇ ಹಾಡಿದ್ದರೂ, ಅಲ್ಲಿಯವರೆಗಿನ ಮೌನವನ್ನೂ ಸೇರಿಸಿಯೇ ತೆಗೆಯತಕ್ಕದ್ದು. ಹೀಗೆ ಮಾಡಿದರೆ ಹೊಸ ತಂತ್ರಾಂಶದಲ್ಲಿ ಎಲ್ಲವನ್ನೂ ಸೊನ್ನೆಯ ಗೆರೆಗೆ ತಂದಿಟ್ಟೊಡನೆ ಲಯ ಕೂಡಿಕೊಳ್ಳುತ್ತದೆ. 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐ.ಬಿ.ಎಂ. ಸಂಸ್ಥೆಗಳು ರೂಪಿಸಿದ ವೇವ್ ಸ್ವರೂಪವನ್ನು ಇಂದಿಗೂ ಎಲ್ಲ ಧ್ವನಿ ತಂತ್ರಾಂಶಗಳೂ ಓದುತ್ತವೆ.

2. ಮಿಡಿ ಕಡತಗಳು: ಕೀಬೋರ್ಡಿನಲ್ಲಿ ನುಡಿಸಿದ ಭಾಗಗಳನ್ನು ಸ್ಟ್ಯಾಂಡರ್ಡ್ ಮಿಡಿ ಕಡತವಾಗಿ, ಅದರಲ್ಲಿಯೂ ಟ್ರ್ಯಾಕ್‌ಗಳನ್ನು ಬೇರೆಬೇರೆಯಾಗಿ ಉಳಿಸುವ ಒಂದನೆಯ ಮಾದರಿಯಲ್ಲಿ ತೆಗೆಯಬಹುದು. ಸ್ವರ, ಅದರ ಒತ್ತು, ಕಾಲ, ಹಾಡಿನ ವೇಗ ಇವು ಬರುತ್ತವೆ. ವಾದ್ಯದ ದನಿ ಬರುವುದಿಲ್ಲ. ನಮ್ಮ ಸಂಗೀತಕ್ಕೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ಗಮಕಗಳನ್ನು ಪಿಚ್ ಬೆಂಡ್ ಚಕ್ರದಿಂದ ನುಡಿಸಿದ್ದರೆ, ಅದರ ವ್ಯಾಪ್ತಿಯನ್ನು ಹಳೆಯದರಂತೆಯೇ ಹೊಂದಿಸಬೇಕು. ಹಳೆಯದರಲ್ಲಿ ಹನ್ನೆರಡು ಅರ್ಧಸ್ವರಗಳ ವ್ಯಾಪ್ತಿಯಿದ್ದು ಹೊಸದರಲ್ಲಿ ಸಾಮಾನ್ಯವಾಗಿರುವ ಎರಡೇ ಆದಲ್ಲಿ, ಇಡೀ ಸ್ಥಾಯಿಯ ಜಾರು ಒಂದು ಸಣ್ಣ ಕಂಪನವಾಗಿ ಕುಗ್ಗುತ್ತದೆ. ಆದಕಾರಣ ಮಿಡಿಯೊಡನೆ ಅದೇ ಭಾಗದ ವೇವ್ ಕಡತವನ್ನೂ ತೆಗೆದಿಡುವುದು ಕ್ಷೇಮ.

3. ಒ.ಎಂ.ಎಫ್. ಮತ್ತು ಎ.ಎ.ಎಫ್.: ಇವು ಚಲನಚಿತ್ರ ಹಾಗೂ ವೀಡಿಯೊ ಸಂಕಲನದ ಅಗತ್ಯಕ್ಕಾಗಿ ಬೆಳೆದ ವಿನಿಮಯ ಸ್ವರೂಪಗಳು. ತುಣುಕುಗಳು ಎಲ್ಲಿ ಕತ್ತರಿಸಲ್ಪಟ್ಟಿವೆ, ಎಲ್ಲಿ ನಿಂತಿವೆ ಎಂಬುದನ್ನು ಕೊಂಡೊಯ್ಯುತ್ತವೆ. ಮಿಡಿ ಮತ್ತು ಪ್ಲಗಿನ್‌ಗಳ ವಿವರ ಇವುಗಳಲ್ಲಿ ದಾಟಿ ಬರುವುದಿಲ್ಲ. ಒ.ಎಂ.ಎಫ್. ಕಡತಕ್ಕೆ 2 ಗಿಗಾಬೈಟ್‌ಗಳ ಮಿತಿಯಿದೆ.

4. ಡಾಪ್ರಾಜೆಕ್ಟ್: ಬಿಟ್‌ವಿಗ್ ಮತ್ತು ಪ್ರಿಸೋನಸ್ ಸಂಸ್ಥೆಗಳು 2023ರಲ್ಲಿ ಪ್ರಕಟಿಸಿದ ಮುಕ್ತ ಸ್ವರೂಪವಿದು. ಧ್ವನಿ, ಸ್ವರ, ಮಟ್ಟದ ಏರಿಳಿತ, ಪ್ಲಗಿನ್‌ಗಳ ಸ್ಥಿತಿ ಎಲ್ಲವನ್ನೂ ಒಟ್ಟಿಗೆ ಒಯ್ಯುವುದು ಇದರ ಗುರಿ. 2024ರಲ್ಲಿ ಬಂದ ಕ್ಯೂಬೇಸ್ 14 ಕೂಡ ಇದನ್ನು ಅಳವಡಿಸಿಕೊಂಡಿತು. ಆದರೆ ಇಪ್ಪತ್ತು ವರ್ಷ ಹಿಂದಿನ ತಂತ್ರಾಂಶಕ್ಕೆ ಈ ಸ್ವರೂಪದ ಪರಿಚಯವೇ ಇಲ್ಲವಾದ್ದರಿಂದ, ಇದು ಇನ್ನು ಮುಂದಿನ ವರ್ಗಾವಣೆಗಳಿಗೆ ಮಾತ್ರ ಒದಗುತ್ತದೆ.

ಕೆಲಸದ ಕ್ರಮ

ಮೊಟ್ಟಮೊದಲು ಹಳೆಯ ಫೋಲ್ಡರನ್ನು ಸಮಗ್ರವಾಗಿ ನಕಲು ಮಾಡಿ, ಆ ನಕಲಿನ ಮೇಲೆಯೇ ಕೆಲಸ ಮಾಡತಕ್ಕದ್ದು. ಮೂಲವನ್ನು ಮುಟ್ಟಬಾರದು. ಸ್ಥಳದ ಕೊರತೆಯೆಂದು ಇಂದು ಯಾರೂ ಹೇಳುವಂತಿಲ್ಲ. ಸಿ.ಡಿ. ಗುಣಮಟ್ಟದ ಒಂದು ಮಾನೋ ಟ್ರ್ಯಾಕು ನಿಮಿಷಕ್ಕೆ ಸುಮಾರು 5.3 ಮೆಗಾಬೈಟ್ ಆಗುತ್ತದೆ. ಹನ್ನೆರಡು ಟ್ರ್ಯಾಕ್‌ಗಳ ಐದು ನಿಮಿಷದ ಹಾಡಿಗೆ ಸುಮಾರು 318 ಮೆಗಾಬೈಟ್ ಸಾಕು.

ಅನಂತರ ಸ್ಯಾಂಪಲ್ ದರವನ್ನು ಬರೆದಿಟ್ಟುಕೊಳ್ಳಬೇಕು. 48,000ದ ದರದಲ್ಲಿ ಮುದ್ರಿಸಿದುದನ್ನು ತಪ್ಪಾಗಿ 44,100ರ ದರದಲ್ಲಿ ನುಡಿಸಿದರೆ ನಾಲ್ಕು ನಿಮಿಷದ ಹಾಡು ಸುಮಾರು 4 ನಿಮಿಷ 21 ಸೆಕೆಂಡಿಗೆ ಹಿಗ್ಗುತ್ತದೆ, ಶ್ರುತಿಯೂ ಇಳಿಯುತ್ತದೆ. ಕಪ್ಪು ಎರಡರಲ್ಲಿ ಹಾಡಿದ ಹಾಡು ಬಿಳಿ ಎರಡಕ್ಕೂ ಕಪ್ಪು ಒಂದಕ್ಕೂ ನಡುವೆ ಎಲ್ಲಿಯೋ ನಿಲ್ಲುತ್ತದೆ. ಕೇಳುವವರು ಗಾಯಕರನ್ನು ದೂರುವರೇ ಹೊರತು ಗಣಕವನ್ನಲ್ಲ.

ಪ್ರತಿ ಟ್ರ್ಯಾಕನ್ನೂ ಎರಡು ಬಗೆಯಾಗಿ ತೆಗೆಯುವುದು ಒಳ್ಳೆಯದು: ಪರಿಣಾಮಗಳಿಲ್ಲದ ಶುದ್ಧ ಧ್ವನಿ ಒಂದು, ಅಂದಿನ ಮಿಶ್ರಣದಲ್ಲಿದ್ದಂತೆ ಮಟ್ಟ ಮತ್ತು ಪರಿಣಾಮಗಳೊಡನೆ ಸ್ಟೀರಿಯೊ ರೂಪದ್ದು ಇನ್ನೊಂದು. ಸ್ಟೀರಿಯೊ ಏಕೆಂದರೆ, ಎಡಬಲಗಳ ಹಂಚಿಕೆಯನ್ನು ಲೆಕ್ಕ ಹಾಕುವ ಕ್ರಮ ಎಲ್ಲ ತಂತ್ರಾಂಶಗಳಲ್ಲಿ ಒಂದೇ ಆಗಿರುವುದಿಲ್ಲ. ಕಡತಗಳ ಹೆಸರಿನಲ್ಲಿ ಹಾಡು, ವಾದ್ಯ ಅಥವಾ ಗಾಯಕರ ಹೆಸರು ಇರಲಿ. ‘ಆಡಿಯೊ 07’ ಎಂಬ ಹೆಸರು ಹತ್ತು ವರ್ಷದ ಮೇಲೆ ಯಾರಿಗೂ ಏನನ್ನೂ ಹೇಳದು.

ಲೆಕ್ಕ ತಾಳೆ ನೋಡುವುದು

ಕೈಬರಹದ ಲೆಡ್ಜರಿನಿಂದ ಖಾತೆಗಳನ್ನು ಗಣಕಕ್ಕೆ ಏರಿಸಿದ ಕಾಲದಲ್ಲಿ, ಎರಡೂ ಕಡೆಯ ಬಾಕಿ ಪೈಸೆಯವರೆಗೆ ತಾಳೆಯಾಗುವ ತನಕ ನಾವು ಶಾಖೆಯಿಂದ ಮನೆಗೆ ಹೋಗುತ್ತಿರಲಿಲ್ಲ. ಧ್ವನಿಗೂ ಇಂತಹ ಪರೀಕ್ಷೆಯೊಂದಿದೆ. ಪರಿಣಾಮ ಸಹಿತವಾದ ಟ್ರ್ಯಾಕ್‌ಗಳನ್ನೆಲ್ಲ ಹೊಸ ತಂತ್ರಾಂಶದಲ್ಲಿ ಮಟ್ಟ ಬದಲಿಸದೆ ಕೂಡಿಸಬೇಕು. ಹಳೆಯ ತಂತ್ರಾಂಶದಿಂದ ತೆಗೆದ ಪೂರ್ಣ ಮಿಶ್ರಣವನ್ನು ಪೋಲಾರಿಟಿ ತಿರುಗಿಸಿ ಅದರೊಡನೆ ಸೇರಿಸಬೇಕು. ಎರಡೂ ಒಂದೇ ಆಗಿದ್ದಲ್ಲಿ ಪರಸ್ಪರ ಕಳೆದುಹೋಗಿ ಮೌನ ಉಳಿಯುತ್ತದೆ. ಒಂದು ಟ್ರ್ಯಾಕು ಬಿಟ್ಟುಹೋಗಿದ್ದರೆ ಅದೊಂದೇ ಕೇಳಿಸುತ್ತದೆ. ಒಟ್ಟು ಮಿಶ್ರಣದ ಮೇಲೆ ಕಂಪ್ರೆಸರ್ ಹಾಕಿದ್ದರೆ ಈ ಪರೀಕ್ಷೆಗೆ ಮುನ್ನ ಅದನ್ನು ತೆಗೆದಿರಬೇಕು. ಕೆಲವು ಬಗೆಯ ರಿವರ್ಬ್‌ಗಳು ಪ್ರತಿ ಬಾರಿಯೂ ತುಸು ಬೇರೆಯಾಗಿ ನುಡಿಯುವುದರಿಂದ ಅಲ್ಪ ಶೇಷ ಉಳಿದರೆ ಗಾಬರಿಯಾಗಬೇಕಿಲ್ಲ.

ನಮ್ಮ ಅನುಭವ

ಆ ಕಾಲದ ಗಣಕಯಂತ್ರವು ಡೊಂಬಿವಲಿಯ ಸದಸ್ಯರೊಬ್ಬರ ಮನೆಯ ಮಾಳಿಗೆಯಲ್ಲಿತ್ತು. ಧೂಳು ಕೊಡವಿ ಚಾಲನೆ ಕೊಟ್ಟಾಗ ಹಳೆಯ ತಂತ್ರಾಂಶ ಇನ್ನೂ ಕೆಲಸ ಮಾಡುತ್ತಿತ್ತು. ಎರಡು ಭಾನುವಾರಗಳಲ್ಲಿ ಐದು ಹಾಡುಗಳನ್ನು ಪೂರ್ಣವಾಗಿ ಹೊರತಂದೆವು. ಶುದ್ಧ ಟ್ರ್ಯಾಕ್‌ಗಳಲ್ಲಿ ಹಾರ್ಮೋನಿಯಂ ಮಾತ್ರವಲ್ಲ, ಹಾಡು ಆರಂಭವಾಗುವ ಮುನ್ನ ಮೇಷ್ಟರು ಮೆಲುದನಿಯಲ್ಲಿ ತಾಳ ಎಣಿಸುವುದೂ ಕೇಳಿಸಿತು. ಮಿಶ್ರಣದ ವೇಳೆ ಅದನ್ನು ಕತ್ತರಿಸಿದ್ದೆವು. ಕಡತದಲ್ಲಿ ಅದು ಹಾಗೆಯೇ ಉಳಿದಿತ್ತು. ಅವರ ಮಗಳಿಗೆ ಮೊದಲು ಕೇಳಿಸಿದೆವು.

ಆರನೆಯ ಹಾಡು ಸಿಗಲಿಲ್ಲ. ಅದರ ಯೋಜನಾ ಕಡತ ಇದೆ, ತೆರೆದರೆ ಹನ್ನೆರಡು ಟ್ರ್ಯಾಕ್‌ಗಳ ಹೆಸರುಗಳೂ ಕಾಣುತ್ತವೆ, ಧ್ವನಿ ಕಡತಗಳಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಸ್ಥಳ ಮಾಡಲೆಂದು ಆ ದೊಡ್ಡ ಫೋಲ್ಡರನ್ನು ಅಳಿಸಿದವರು ಬೇರಾರೂ ಅಲ್ಲ, ನಾವೇ. ಸಣ್ಣ ಕಡತ ಉಳಿದರೆ ಸಾಕೆಂದು ಅಂದು ಭಾವಿಸಿದ್ದೆವು. ಈ ಲೇಖನ ಬರೆಯಲು ಅದೇ ಮುಖ್ಯ ಕಾರಣ.

ಮುಂದಿನವರಿಗಾಗಿ

ಪ್ರತಿ ಹಾಡಿಗೆ ಮೂರು ವಸ್ತುಗಳನ್ನು ಒಟ್ಟಿಗೆ ಇಡುವುದು ಉಚಿತ: ಯೋಜನಾ ಫೋಲ್ಡರು ಪೂರ್ಣವಾಗಿ, ಎಲ್ಲ ಟ್ರ್ಯಾಕ್‌ಗಳ ವೇವ್ ಕಡತಗಳು, ಶ್ರುತಿ, ತಾಳ, ವೇಗ, ಸ್ಯಾಂಪಲ್ ದರ, ತಂತ್ರಾಂಶದ ಹೆಸರು ಹಾಗೂ ಆವೃತ್ತಿ, ಹಾಡಿದವರ ಮತ್ತು ನುಡಿಸಿದವರ ಹೆಸರು, ದಿನಾಂಕಗಳನ್ನು ಬರೆದ ಒಂದು ಪುಟ. ಇವುಗಳ ನಕಲುಗಳು ಎರಡು ಬೇರೆ ಬೇರೆ ಮನೆಗಳಲ್ಲಿರಲಿ.

ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಮನೆಯ ಹಳೆಯ ಗಣಕಯಂತ್ರವನ್ನು ಭಂಗಾರದವನಿಗೆ ಕೊಡುವ ಮುನ್ನ ಒಮ್ಮೆ ಅದರೊಳಗೆ ನೋಡಿರಿ. ತಂದೆಯವರ ಹಾಡೋ, ಅತ್ತೆಯವರ ದೇವರನಾಮವೋ ಅಲ್ಲಿರಬಹುದು. ತೆರೆಯಲು ಬಾರದಿದ್ದರೆ ಸಂಘದ ಕಚೇರಿಗೆ ತಂದುಕೊಡಿರಿ. ಭಾನುವಾರ ಬೆಳಿಗ್ಗೆ ನಾವು ಅಲ್ಲಿರುತ್ತೇವೆ.