ದೀಪ ಹಿಡಿದವರ ಚರಿತ್ರೆ

ಚರಿತ್ರೆಯ ಪುಸ್ತಕಗಳಲ್ಲಿ ದೀಪ ಹಚ್ಚಿಸಿದವರ ಹೆಸರಿದೆ, ದೀಪ ಹಿಡಿದವರ ಹೆಸರಿಲ್ಲ. ಮಹಾರಾಜರು, ದಿವಾನರು, ಇಂಜಿನಿಯರುಗಳು ಅಲ್ಲಿ ಸಿಗುತ್ತಾರೆ. ಗುಂಡಿ ತೋಡಿದವನು, ಕಂಬ ಹೊತ್ತವನು, ಗೋಡೆ ಕೊರೆದು ವೈರು ಎಳೆದವನು ಸಿಗೋದಿಲ್ಲ. ಸೋಸಲೆ ಕಡೆಯ ನಾವು ಈ ಚರಿತ್ರೆಯನ್ನು ಕೇರಿಯ ಕಡೆಯಿಂದ ಒಮ್ಮೆ ಓದಬೇಕು ಅಂತ ಹೊರಟಿದ್ದೇವೆ. ಯಾಕೆಂದರೆ ಇವತ್ತು ಮನೆಯೊಳಗೆ, ಅಂಗಳದಲ್ಲಿ ಲೈಟು ಹಾಕಿಸೋಕೆ ಯಾರನ್ನು ಕರೆಸುತ್ತೇವೆ, ಹೇಗೆ ನಡೆಸಿಕೊಳ್ಳುತ್ತೇವೆ ಅನ್ನೋದು ಈ ಚರಿತ್ರೆಯ ಮುಂದುವರಿಕೆಯೇ.

ಕರೆಂಟು ಬರುವ ಮುಂಚೆ ಮನೆಯೊಳಗೆ ಹರಳೆಣ್ಣೆ ಹಣತೆ, ಆಮೇಲೆ ಸೀಮೆಎಣ್ಣೆ ಬುಡ್ಡಿ. ಬೀದಿಯ ಬೆಳಕು ಮಾತ್ರ ಯಾರಾದರೂ ಕೈಯಲ್ಲಿ ಹಿಡಿಯಬೇಕಾದ ಬೆಳಕು. ದೇವರ ಮೆರವಣಿಗೆಗೆ ಪಂಜು ಹಿಡಿಯೋದು ಹಲವು ಊರುಗಳಲ್ಲಿ ಮಡಿವಾಳರ ಪಾಲಿಗೆ ಹುಟ್ಟಿನಿಂದಲೇ ಅಂಟಿಕೊಂಡ ಚಾಕರಿ. ಅದಕ್ಕೆ ಸಿಕ್ಕುತ್ತಿದ್ದದ್ದು ಸುಗ್ಗಿಯಲ್ಲಿ ಕಣದಿಂದ ಅಳೆದು ಹಾಕುವ ಕಾಳು. ಗ್ಯಾಸ್ ಲೈಟು ಬಂದ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ಮದುವೆ ಮೆರವಣಿಗೆಯಲ್ಲಿ ನಡೆದವರೂ ಕೂಲಿಯವರೇ. ಬೆಳಕು ಮದುಮಗನ ಮುಖಕ್ಕೆ, ಬಿಸಿ ಹೊತ್ತವನ ನೆತ್ತಿಗೆ.

ಕರೆಂಟು ಬಂತಲ್ಲ, ಆಗಲಾದರೂ ಇದು ಬದಲಾಯಿತೆ?

ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿ ತಲಕಾಡು ದಾಟಿ ಶಿವನಸಮುದ್ರಕ್ಕೆ ಹೋಗಿ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹಾಕಿದ ಯೋಜನೆಯಂತೆ ಅಲ್ಲಿ ವಿದ್ಯುತ್ ತೆಗೆದು, 1902ರ ಜೂನ್‌ನಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ಕಾಲಕ್ಕೆ ಜಗತ್ತಿನ ಉದ್ದನೆಯ ಲೈನುಗಳಲ್ಲಿ ಅದೂ ಒಂದು. ಗಣಿ ಬ್ರಿಟಿಷ್ ಕಂಪನಿಗಳದು. ಸುರಂಗಕ್ಕೆ ಇಳಿಯುತ್ತಿದ್ದ ಕೂಲಿಗಳಲ್ಲಿ ದೊಡ್ಡ ಪಾಲು ಉತ್ತರ ಆರ್ಕಾಟು ಮುಂತಾದ ತಮಿಳು ಜಿಲ್ಲೆಗಳಿಂದ ಬಂದ ದಲಿತರು. 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. 1908ರಲ್ಲಿ ಮೈಸೂರು ಬೆಳಗಿತು. ನೀರು ಹರಿದದ್ದು ನಮ್ಮ ಊರುಗಳ ಪಕ್ಕದಲ್ಲಿ. ಬೆಳಕು ಹೋದದ್ದು ಮೊದಲು ಚಿನ್ನಕ್ಕೆ, ಆಮೇಲೆ ಪಟ್ಟಣಕ್ಕೆ.

ಹಳ್ಳಿಗೆ ಯಾವಾಗ ಬಂತು? ಇದಕ್ಕೆ ಸರ್ಕಾರದ ಲೆಕ್ಕವೇ ಒಂದು ಪಾಠ. 1997ರ ತನಕ ದೇಶದಲ್ಲಿ ಒಂದು ನಿಯಮವಿತ್ತು: ಒಂದು ಗ್ರಾಮದ ಎಲ್ಲೆಯೊಳಗೆ ಯಾವ ಕೆಲಸಕ್ಕಾದರೂ ಸರಿ ವಿದ್ಯುತ್ ಬಳಕೆಯಾದರೆ ಆ ಗ್ರಾಮ ವಿದ್ಯುದೀಕರಣವಾದ ಹಾಗೆ. ಅಂದರೆ ಗೌಡರ ಗದ್ದೆಯಲ್ಲಿ ಒಂದು ಪಂಪ್‌ಸೆಟ್ಟು ಗುರ್ ಅಂದರೆ ಸಾಕು, ಇಡೀ ಊರು ಬೆಳಗಿದ ಲೆಕ್ಕ! 1997ರಲ್ಲಿ, ಜನ ವಾಸಿಸುವ ಜಾಗದಲ್ಲಿ ಬಳಕೆಯಾಗಬೇಕು ಅಂತ ಬದಲಾಯಿಸಿದರು. ಆಗಲೂ ಊರೊಳಗೆ ಉರಿದರೆ ಸಾಕಾಗಿತ್ತು. 2004ರಲ್ಲಿ ಮತ್ತೆ ತಿದ್ದಿದರು: ಟ್ರಾನ್ಸ್‌ಫಾರ್ಮರು, ಲೈನು ಊರಿನಲ್ಲಿ ಮಾತ್ರವಲ್ಲ, ದಲಿತರ ಬಸ್ತಿ ಇದ್ದರೆ ಅಲ್ಲಿಯೂ ಇರಬೇಕು. ಶಾಲೆ, ಪಂಚಾಯ್ತಿ ಕಚೇರಿಯಂಥ ಕಡೆ ಕರೆಂಟು ಇರಬೇಕು. ನೂರಕ್ಕೆ ಹತ್ತು ಮನೆಗಾದರೂ ಸಂಪರ್ಕ ಇರಬೇಕು. ಶಿವನಸಮುದ್ರ ಉರಿದ 102 ವರ್ಷಕ್ಕೆ ಕೇರಿ ಅನ್ನೋದು ಬೆಳಕಿನ ಈ ಲೆಕ್ಕದೊಳಗೆ ಬಂತು. ಅದೂ ತೊಂಬತ್ತು ಮನೆ ಕತ್ತಲಲ್ಲಿದ್ದರೂ ಊರು ಬೆಳಗಿದೆ ಅನ್ನೋ ಲೆಕ್ಕ.

ಹಾಗಂತ ಏನೂ ಬರಲಿಲ್ಲ ಅಂತಲ್ಲ. 1980ರ ಆಸುಪಾಸಿನಲ್ಲಿ ಭಾಗ್ಯಜ್ಯೋತಿ ಬಂತು. 1988-89ರಲ್ಲಿ ಕೇಂದ್ರದ ಕುಟೀರಜ್ಯೋತಿ ಬಂತು. ಗುಡಿಸಲಿಗೊಂದು ಬಲ್ಬು. ಆ ಒಂದು ಬಲ್ಬಿನ ಕೆಳಗೇ ರಾಗಿ ಬೀಸಿ, ಮುದ್ದೆ ತಿರುವಿ, ಅಕ್ಷರ ಕಲಿತ ಮನೆಗಳು ಸಾವಿರಾರು. ಬೀದಿದೀಪವನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯ್ತಿಯ ಹೊಣೆ ಮಾಡಿತು. 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಂದು, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ ಮನೆಬಳಕೆಯ ಬಿಲ್ಲು ಕಟ್ಟುವ ಭಾರ ಇಳಿಸಿತು. ಇವೆಲ್ಲ ಬೆಳಕು ಪಡೆದವರ ಚರಿತ್ರೆ. ಬೆಳಕು ಕಟ್ಟಿಕೊಟ್ಟವರದು?

ಇಲ್ಲೊಂದು ಹೊಸ ಬಾಗಿಲು ತೆರೆದಿತ್ತು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯ ನಿಯಮ ಹೇಳಿದ್ದು ಇದು: ವೈರಿಂಗ್ ಕೆಲಸವನ್ನು ಲೈಸೆನ್ಸು ಪಡೆದ ಗುತ್ತಿಗೆದಾರನೇ ಮಾಡಿಸಬೇಕು. ಅರ್ಹತೆ ಪಡೆದ ಮೇಲ್ವಿಚಾರಕ ಎದುರಿಗಿರಬೇಕು. ಕೆಲಸ ಮಾಡುವವನ ಹತ್ತಿರ ಪರ್ಮಿಟ್ಟು ಇರಬೇಕು. 2010ರಲ್ಲಿ, ಮತ್ತೆ 2023ರಲ್ಲಿ ಹೊಸ ನಿಯಮಾವಳಿ ಬಂದರೂ ತಿರುಳು ಇದೇ. ಗಮನಿಸಿ, ಪಂಜು ಹಿಡಿಯೋದಕ್ಕೆ ಹುಟ್ಟು ಸಾಕಾಗಿತ್ತು. ವೈರು ಹಿಡಿಯೋದಕ್ಕೆ ಕಲಿಕೆ ಬೇಕು, ಪರ್ಮಿಟ್ಟು ಬೇಕು. ಐಟಿಐಗಳಲ್ಲಿ ಎಂಟನೇ ತರಗತಿ ಪಾಸಾದವನಿಗೂ ಎರಡು ವರ್ಷದ ವೈರ್‌ಮನ್ ತರಬೇತಿ ಸಿಗುತ್ತದೆ. ಬೆಳಕಿನ ಕೆಲಸ ಜಾತಿಯಿಂದ ಬಿಡಿಸಿಕೊಂಡು ಕಸುಬಾಗುವ ದಾರಿ ಇದು.

ಕಾಗದದ ಮೇಲೆ ದಾರಿ ಇದೆ. ನೆಲದ ಮೇಲೆ ಏನಾಗಿದೆ? ಲೈಸೆನ್ಸು ಒಬ್ಬರದು, ಕೈ ಇನ್ನೊಬ್ಬರದು. ವೈರಿಂಗ್ ಮುಗಿದ ವರದಿಗೆ ಪಟ್ಟಣದಲ್ಲಿ ಕೂತವರ ಸಹಿ. ಏಣಿ ಹತ್ತಿದ್ದು, ಪೈಪು ಬಗ್ಗಿಸಿದ್ದು ಹೆಸರಿಲ್ಲದ ಹುಡುಗ. ಅವನ ಹತ್ತಿರ ಪರ್ಮಿಟ್ಟೂ ಇಲ್ಲ, ಕೈಗವಸೂ ಇಲ್ಲ, ವಿಮೆಯಂತೂ ಮೊದಲೇ ಇಲ್ಲ. ಮದುವೆ ಮನೆಗೆ, ಜಾತ್ರೆಗೆ ಸೀರಿಯಲ್ ಸೆಟ್ಟು ಕಟ್ಟೋನೂ ಅವನೇ. ಹಸಿ ನೆಲದಲ್ಲಿ ಬರಿಗಾಲಲ್ಲಿ ನಿಂತು, ಸಿಪ್ಪೆ ಹೋದ ವೈರಿಗೆ ಟೇಪು ಸುತ್ತುತ್ತಾನೆ.

ಇನ್ನೊಂದು ಮಾತಿದೆ. ಸ್ವಿಚ್ ಬೋರ್ಡು ಹಾಕುವವನು ನಡುಮನೆ ದಾಟಬೇಕು, ಅಡುಗೆಮನೆಗೆ ಹೋಗಬೇಕು, ದೇವರ ಗೂಡಿನ ಮುಂದೆ ಏಣಿ ನಿಲ್ಲಿಸಬೇಕು. ಆಗಲೇ ಆ ಹಳೇ ಪ್ರಶ್ನೆ: ‘ಯಾರ ಪೈಕೀಲಪ್ಪ ನೀನು?’ ಅವನ ಉತ್ತರ ಕೇಳಿದ ಮೇಲೆ ನೀರು ಸ್ಟೀಲ್ ಲೋಟದಲ್ಲಿ ಬರುತ್ತೋ, ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ ಬರುತ್ತೋ ನೋಡಿ. ಕರೆಂಟಿಗೆ ಮೈಲಿಗೆ ಇಲ್ಲ. ಕರೆಂಟು ಬೇಕು ಅನ್ನುವವರಿಗೆ ಇದೆ.

ಆದ್ದರಿಂದ ಗೆಳೆಯರೇ, ಮೇಷ್ಟ್ರುಗಳೇ, ಲೈಟು ಹಾಕಿಸೋದು ಸಣ್ಣ ಸಂಗತಿ ಅಂದುಕೊಳ್ಳಬೇಡಿ. ನಿಮ್ಮ ಊರಿನ, ಕೇರಿಯ ಕಸುಬುದಾರನನ್ನೇ ಕರೆಸಿ. ಪರ್ಮಿಟ್ಟು ಕೇಳಿ. ಇಲ್ಲದಿದ್ದರೆ ಓಡಿಸಬೇಡಿ, ಲೈಸೆನ್ಸಿರುವವರ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಸಿ, ಅವನಿಗೆ ಐಟಿಐ ದಾರಿ ತೋರಿಸಿ, ಅರ್ಜಿ ಬರೆದುಕೊಡಿ. ಕೂಲಿ ಮೊದಲೇ ಮಾತಾಡಿ, ಕೆಲಸ ಮುಗಿದ ದಿನವೇ ಅವನ ಕೈಗೆ ಕೊಡಿ. ಅರ್ತ್ ವೈರು ಬಿಡಿಸಿ ದುಡ್ಡು ಉಳಿಸೋಕೆ ಹೋಗಬೇಡಿ. ಅಂಗಳದ ಲೈಟಿನ ಕೇಬಲ್ಲು ನೆಲದೊಳಗೆ ಪೈಪಿನಲ್ಲಿ ಹೋಗಲಿ. 30 ಮಿಲಿಆಂಪಿಯರ್ ಸೋರಿಕೆಯಾದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚು ಹಾಕಿಸಿ. ಅದು ಮನೆಯವರ ಜೀವವನ್ನೂ ಕಾಯುತ್ತದೆ, ನಾಳೆ ರಿಪೇರಿಗೆ ಬರುವವನ ಜೀವವನ್ನೂ ಕಾಯುತ್ತದೆ. ಕೇರಿಯ ಕೊನೇ ಮನೆಯ ತನಕ ಬೀದಿದೀಪ ಬಂದಿದೆಯೇ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಕೆಲಸ ಮುಗಿದ ಮೇಲೆ ಮನೆಯವರು ಮೊದಲ ಸ್ವಿಚ್ಚು ಒತ್ತುತ್ತಾರೆ, ಮಂಗಳಾರತಿ ಎತ್ತುತ್ತಾರೆ. ಆ ಹೊತ್ತಿಗೆ ವೈರು ಎಳೆದವನು ಅಂಗಳದ ಕತ್ತಲಲ್ಲಿ ಕೂಲಿಗೆ ಕಾಯುತ್ತಾ ನಿಂತಿರಬಾರದು. ಅವನನ್ನು ಒಳಗೆ ಕರೆಯಿರಿ, ಹೆಸರು ಹಿಡಿದು ಕರೆಯಿರಿ. ಬರೆಯದೆ ಉಳಿದ ಚರಿತ್ರೆ ಅಲ್ಲಿಂದ ಶುರುವಾಗಲಿ.