ಅಗ್ಗದ ಕ್ಲಾಂಪು ಮತ್ತು ಅಂಟಿನ ಕಥೆ

ಮೊನ್ನೆ ಮಗಳ ಓದೋ ಮೇಜಿಗೆ ಹಲಗೆ ಜೋಡಿಸಲು ಕೂತೆ. ಅಗ್ಗ ಅಂತ ತಂದಿದ್ದ ಉದ್ದನೆ ಕ್ಲಾಂಪು ಬಿಗಿ ಮಾಡುತ್ತಿದ್ದಂತೆ ಬಿಲ್ಲಿನ ಹಾಗೆ ಬಾಗಿತು. ಬೆಳಿಗ್ಗೆ ನೋಡಿದರೆ ಸಂದು ಬಾಯಿ ಬಿಟ್ಟಿತ್ತು!

ಹಿಂದಿನ ಬಡಗಿಗಳಿಗೆ ಇಷ್ಟೊಂದು ಕ್ಲಾಂಪು ಎಲ್ಲಿತ್ತು? ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ ಬಿಸಿ ಅಂಟು ಆರುತ್ತಿದ್ದಂತೆಯೇ ಕಚ್ಚಿಕೊಳ್ಳುತ್ತಿತ್ತು. ಸಣ್ಣ ಹಲಗೆಗಳನ್ನು ಒಂದಕ್ಕೊಂದು ತಿಕ್ಕಿ ಕೂರಿಸಿದರೆ ಸಾಕಿತ್ತು. ದೊಡ್ಡದಕ್ಕೆ ಹಗ್ಗ, ಬೆಣೆ.

ನಮ್ಮಲ್ಲಿ 1959ರಲ್ಲಿ ಫೆವಿಕಾಲ್ ಬಂತು. ಅಂಟು ಕಾಯಿಸುವ ತಾಪತ್ರಯ ತಪ್ಪಿತು. ಆದರೆ ಈ ಬಿಳಿ ಅಂಟು ನೀರು ಆರಿ ಗಟ್ಟಿಯಾಗುವವರೆಗೂ ಹಲಗೆಗಳನ್ನು ಒತ್ತಿ ಹಿಡಿದಿರಬೇಕು. ಒಂದಲ್ಲ, ನಾಲ್ಕಾರು ಕ್ಲಾಂಪು ಬೇಕು. ಆಗಲೇ ನಮ್ಮ ಕಣ್ಣು ಅಗ್ಗದ್ದರ ಮೇಲೆ ಬೀಳೋದು!

ಜರ್ಮನಿಯ ಬೆಸ್ಸೇ ಕಂಪನಿ 1889ರಲ್ಲಿ ಶುರುವಾದದ್ದು ಉಕ್ಕಿನ ಸರಳು ಎಳೆಯುವ ಕಾರ್ಖಾನೆಯಾಗಿ. ಕ್ಲಾಂಪು ಮಾಡತೊಡಗಿದ್ದು 1936ರಲ್ಲಿ. ಅಂದರೆ ಮೊದಲು ಸರಳು, ಆಮೇಲೆ ಕ್ಲಾಂಪು. ಅಗ್ಗದ್ದು ಸೋಲುವುದೂ ಆ ಸರಳಿನಲ್ಲೇ.

ಹಾಗಾಗಿ ಚಿಕ್ಕ ಸಿ-ಕ್ಲಾಂಪು ಅಗ್ಗದ್ದೇ ನಾಲ್ಕು ಹೆಚ್ಚಿಗೆ ತನ್ನಿ. ಉದ್ದದ್ದಕ್ಕೆ ಮಾತ್ರ ಕಾಸು ಬಿಚ್ಚಿ. ಇಲ್ಲವಾದರೆ ಹಗ್ಗ, ಬೆಣೆಯೇ ವಾಸಿ. ಮಗಳ ಮೇಜು ಕೊನೆಗೆ ಕೂಡಿಕೊಂಡದ್ದು ಅದರಿಂದಲೇ :)