ಗರ್ಭಿಣಿಯರ ಬಿಸಿ ಪೇಯ: ಯಾವುದು ಹಿತ, ಎಷ್ಟು ಮಿತ?

ಗರ್ಭಧಾರಣೆ ಖಚಿತವಾಯಿತೆಂದರೆ ಮನೆಯಲ್ಲಿ ಸಲಹೆಗಳ ಸುರಿಮಳೆ ಆರಂಭವಾಗುತ್ತದೆ. ಕಾಫಿಯನ್ನು ಪೂರ್ತಿ ಬಿಡಬೇಕೆಂದು ಒಬ್ಬರು ಹೇಳಿದರೆ, ಒಂದು ಲೋಟದಿಂದ ಏನೂ ಆಗದೆಂದು ಮತ್ತೊಬ್ಬರು ಸಮಾಧಾನ ಹೇಳುತ್ತಾರೆ. ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ನಂಬಿಕೆ ಒಂದೆಡೆ, ಶುಂಠಿ ಉಷ್ಣ, ಮುಟ್ಟಲೇಬಾರದು ಎಂಬ ಎಚ್ಚರಿಕೆ ಇನ್ನೊಂದೆಡೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟನ್ನು ಬೆಳೆಯುವ, ಬೆಳಗು ಕಾಫಿಯಿಂದಲೇ ಆಗಬೇಕೆನ್ನುವ ಕರ್ನಾಟಕದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಬಿಸಿ ಪೇಯಗಳ ವಿಷಯದಲ್ಲಿ ಗರ್ಭಿಣಿಯರು ಗಮನಿಸಬೇಕಾದ ಸಂಗತಿಗಳು ಮುಖ್ಯವಾಗಿ ನಾಲ್ಕು: ಕೆಫೀನ್, ಕಬ್ಬಿಣಾಂಶ, ಸಕ್ಕರೆ ಮತ್ತು ಗಿಡಮೂಲಿಕೆ.

ಕೆಫೀನ್ ಏನು ಮಾಡುತ್ತದೆ?

ಕಾಫಿ, ಚಹಾ ಮತ್ತು ಕೋಕೋಗಳಲ್ಲಿ ಸಹಜವಾಗಿರುವ ಉತ್ತೇಜಕವೇ ಕೆಫೀನ್. ಸಾಮಾನ್ಯ ಸ್ಥಿತಿಯಲ್ಲಿ ದೇಹ ಸೇರಿದ ಕೆಫೀನಿನ ಅರ್ಧಭಾಗ ನಾಲ್ಕೈದು ಗಂಟೆಗಳಲ್ಲಿ ಕರಗಿಹೋಗುತ್ತದೆ. ಗರ್ಭಾವಸ್ಥೆ ಮುಂದುವರಿದಂತೆ ಯಕೃತ್ತಿನಲ್ಲಿ ಅದನ್ನು ವಿಭಜಿಸುವ ಕಿಣ್ವದ ಚಟುವಟಿಕೆ ಕುಗ್ಗುತ್ತದೆ. ಕೊನೆಯ ತಿಂಗಳುಗಳಲ್ಲಿ ಇದೇ ಕೆಲಸಕ್ಕೆ ಸುಮಾರು 15 ಗಂಟೆ ಬೇಕಾಗಬಹುದು. ಬೆಳಗಿನ ಕಾಫಿಯ ಪ್ರಭಾವ ರಾತ್ರಿಯ ನಿದ್ರೆಯವರೆಗೂ ಉಳಿಯುವುದು ಇದೇ ಕಾರಣಕ್ಕೆ.

ಕೆಫೀನ್ ಮಾಸು ಅಥವಾ ಪ್ಲಾಸೆಂಟಾವನ್ನು ಸುಲಭವಾಗಿ ದಾಟಿ ಶಿಶುವನ್ನು ತಲುಪುತ್ತದೆ. ಅದನ್ನು ವಿಭಜಿಸುವ ಸಾಮರ್ಥ್ಯ ಭ್ರೂಣಕ್ಕಿಲ್ಲ. ತಾಯಿಯ ದೇಹ ಅದನ್ನು ಹೊರಹಾಕುವವರೆಗೂ ಶಿಶು ಕಾಯಬೇಕು. ಅತಿಯಾದ ಕೆಫೀನ್ ಸೇವನೆಗೂ ಗರ್ಭಪಾತ ಹಾಗೂ ಕಡಿಮೆ ತೂಕದ ಶಿಶು ಜನನಕ್ಕೂ ನಂಟಿರುವುದನ್ನು ಅನೇಕ ಅಧ್ಯಯನಗಳು ಗುರುತಿಸಿವೆ.

ಎಷ್ಟು ಕುಡಿಯಬಹುದು?

ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸುವ ಗರ್ಭಿಣಿಯರು ಅದನ್ನು ಕಡಿಮೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು. ಅಮೆರಿಕದ ಪ್ರಸೂತಿ ತಜ್ಞರ ಸಂಘಟನೆ 2010ರಲ್ಲಿ ಮತ್ತು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ 200 ಮಿಲಿಗ್ರಾಂ ಮಿತಿಯನ್ನು ಮುಂದಿಟ್ಟವು. ಬ್ರಿಟನ್ 2008ರಲ್ಲೇ ತನ್ನ ಮಿತಿಯನ್ನು 300ರಿಂದ 200ಕ್ಕೆ ಇಳಿಸಿತ್ತು. ಸುರಕ್ಷಿತ ಮಿತಿ ಎಂಬುದೇ ಇಲ್ಲ ಎಂದು 2020ರಲ್ಲಿ ಪ್ರಕಟವಾದ ವಿಮರ್ಶಾ ಲೇಖನವೊಂದು ವಾದಿಸಿತಾದರೂ ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ ಆ ಮಿತಿಯನ್ನು ಬದಲಿಸಲಿಲ್ಲ. ಆದ್ದರಿಂದ 200 ಮಿಲಿಗ್ರಾಂ ಒಳಗೆ ಉಳಿಯುವುದು ವಿವೇಕದ ದಾರಿ. ಈ ಪ್ರಮಾಣ ತಲುಪಲೇಬೇಕಾದ ಗುರಿಯಲ್ಲ, ದಾಟಬಾರದ ಗೆರೆ.

ಲೋಟದ ಲೆಕ್ಕದಲ್ಲಿ ಇದು ಎಷ್ಟಾಗುತ್ತದೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಪೇಯದಲ್ಲಿರುವ ಕೆಫೀನ್ ಪ್ರಮಾಣ ಹೀಗಿದೆ:

ಸೋಸಿದ ಕಾಫಿ: 80ರಿಂದ 120 ಮಿ.ಗ್ರಾಂ
ಇನ್‌ಸ್ಟಂಟ್ ಕಾಫಿ: 50ರಿಂದ 65 ಮಿ.ಗ್ರಾಂ
ಚಹಾ: 30ರಿಂದ 65 ಮಿ.ಗ್ರಾಂ

ಬೆಳಿಗ್ಗೆ, ಸಂಜೆ ತಲಾ ಒಂದು ಲೋಟ ಕಾಫಿ, ಕಚೇರಿಯಲ್ಲಿ ಎರಡು ಬಾರಿ ಚಹಾ ಕುಡಿಯುವ ಮಹಿಳೆಯ ಲೆಕ್ಕ ಈ ಪ್ರಕಾರ 220ರಿಂದ 370 ಮಿಲಿಗ್ರಾಂ ಆಗುತ್ತದೆ. ತಾನು ಹೆಚ್ಚು ಕುಡಿಯುತ್ತಿಲ್ಲ ಎಂದುಕೊಂಡವರೂ ಮಿತಿ ದಾಟಿರಬಹುದು. ಕೋಲಾ, ಚಾಕೊಲೇಟ್ ಮತ್ತು ಕೆಲವು ತಲೆನೋವಿನ ಮಾತ್ರೆಗಳಲ್ಲಿರುವ ಕೆಫೀನೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಫಿಲ್ಟರ್ ಕಾಫಿಯ ಗುಟ್ಟು

ನಮ್ಮ ಫಿಲ್ಟರ್ ಕಾಫಿಯಲ್ಲಿ ಕೆಫೀನಿನ ಪ್ರಮಾಣವನ್ನು ನಿರ್ಧರಿಸುವುದು ಲೋಟದ ಗಾತ್ರವಲ್ಲ, ಅದಕ್ಕೆ ಬೆರೆಸುವ ಡಿಕಾಕ್ಷನ್. ಮೊದಲ ಡಿಕಾಕ್ಷನ್ ಗಟ್ಟಿ, ಎರಡನೆಯದು ತೆಳು. ಬೀಜದ ಜಾತಿಯೂ ಮುಖ್ಯ. ಅರೇಬಿಕಾಗೆ ಹೋಲಿಸಿದರೆ ರೋಬಸ್ಟಾದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹೀಗಾಗಿ ಚಿಕೋರಿ ಬೆರೆತ ಪುಡಿಯಲ್ಲಿ, ಬೆರಕೆಯ ಪ್ರಮಾಣಕ್ಕೆ ತಕ್ಕಂತೆ, ಕೆಫೀನ್ ಇಳಿಯುತ್ತದೆ.

ಕಾಫಿ ಬಿಡಲಾಗದವರು ಅರೇಬಿಕಾ ಪುಡಿಯನ್ನು ಆರಿಸಿಕೊಂಡು, ಡಿಕಾಕ್ಷನ್ ತಗ್ಗಿಸಿ ಹಾಲು ಹೆಚ್ಚಿಸಬಹುದು. ಹೋಟೆಲುಗಳಲ್ಲಿ ‘ಬೈಟು’ ಕೇಳುವ ಬೆಂಗಳೂರಿನ ರೂಢಿಯೂ ಇಲ್ಲಿ ಉಪಕಾರಿ; ಲೋಟ ಅರ್ಧವಾದರೆ ಕೆಫೀನೂ ಅರ್ಧ. ಕೆಫೀನ್ ತೆಗೆದ ಕಾಫಿಯಲ್ಲಿ ಅದರ ಅಂಶ ಲೋಟಕ್ಕೆ ಕೆಲವೇ ಮಿಲಿಗ್ರಾಂ. ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ತಲೆನೋವು ಬರುವುದುಂಟು. ವಾರದ ಅವಧಿಯಲ್ಲಿ ಹಂತಹಂತವಾಗಿ ಇಳಿಸುವುದು ಲೇಸು.

ಊಟದ ಬೆನ್ನಿಗೇ ಚಹಾ ಬೇಡ

ಕೆಫೀನಿಗಿಂತಲೂ ಹೆಚ್ಚಿನ ಗಮನ ಬೇಡುವ ಸಂಗತಿ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇತ್ತು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಗರ್ಭಿಣಿಗೆ ರಕ್ತಹೀನತೆಯಿದೆ ಎಂದು ಪರಿಗಣಿಸಲಾಗುತ್ತದೆ. ಹೆರಿಗೆಯ ವೇಳೆ ರಕ್ತಸ್ರಾವವಾದಾಗ ಇಂಥ ತಾಯಂದಿರ ಜೀವಕ್ಕೇ ಅಪಾಯ.

ಚಹಾ ಮತ್ತು ಕಾಫಿಯಲ್ಲಿರುವ ಟ್ಯಾನಿನ್ ಮೊದಲಾದ ಅಂಶಗಳು ಆಹಾರದ ಕಬ್ಬಿಣಾಂಶದೊಡನೆ ಬೆರೆತು ಅದು ರಕ್ತ ಸೇರದಂತೆ ತಡೆಯುತ್ತವೆ. ಸೊಪ್ಪು, ಕಾಳು, ಧಾನ್ಯಗಳಿಂದ ದೊರೆಯುವ ಕಬ್ಬಿಣಾಂಶಕ್ಕೆ ಈ ತಡೆ ಹೆಚ್ಚು. ಊಟದೊಡನೆ ಕುಡಿದ ಚಹಾ ಅದರ ಹೀರುವಿಕೆಯನ್ನು ಅರ್ಧಕ್ಕಿಂತಲೂ ಹೆಚ್ಚು ತಗ್ಗಿಸಬಲ್ಲದು. ತಿಂಡಿಯೊಡನೆಯೇ ಕಾಫಿ ಕುಡಿಯುವ ನಮ್ಮ ಅಭ್ಯಾಸ ಸಸ್ಯಾಹಾರಿ ಗರ್ಭಿಣಿಯರಿಗೆ ವಿಶೇಷವಾಗಿ ಹಾನಿಕರ. ಊಟ ತಿಂಡಿಗೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡವೆಂದು 2024ರ ಮಾರ್ಗಸೂಚಿ ತಿಳಿಸುತ್ತದೆ. ಗ್ರೀನ್ ಟೀಗೂ ಈ ಮಾತು ಅನ್ವಯ. ಅದರಲ್ಲಿಯೂ ಕೆಫೀನ್ ಇದೆ, ಕಬ್ಬಿಣವನ್ನು ತಡೆಯುವ ಅಂಶಗಳೂ ಇವೆ.

ಸರ್ಕಾರಿ ಕಾರ್ಯಕ್ರಮದಡಿ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ 180 ದಿನ, ದಿನಕ್ಕೊಂದರಂತೆ 60 ಮಿಲಿಗ್ರಾಂ ಕಬ್ಬಿಣ ಹಾಗೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆ ನೀಡಲಾಗುತ್ತದೆ. ಈ ಮಾತ್ರೆಯನ್ನು ಚಹಾ, ಕಾಫಿಯೊಡನೆ ನುಂಗಿದರೆ ಪ್ರಯೋಜನ ಬಹುಮಟ್ಟಿಗೆ ಕಳೆದುಹೋಗುತ್ತದೆ. ಹಾಲಿನೊಡನೆಯೂ ಬೇಡ; ಅದರಲ್ಲಿರುವ ಕ್ಯಾಲ್ಸಿಯಂ ಸಹ ಕಬ್ಬಿಣಕ್ಕೆ ಅಡ್ಡಿ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಕನಿಷ್ಠ ಎರಡು ಗಂಟೆಗಳ ಅಂತರವಿರಬೇಕು. ನೀರು ಅಥವಾ ಲಿಂಬೆರಸ ಬೆರೆಸಿದ ನೀರಿನೊಡನೆ ಮಾತ್ರೆ ನುಂಗುವುದು ಉತ್ತಮ. ಲಿಂಬೆಯ ಸಿ ಜೀವಸತ್ವ ಕಬ್ಬಿಣದ ಹೀರುವಿಕೆಗೆ ನೆರವಾಗುತ್ತದೆ.

ಕಷಾಯ: ಎಲ್ಲವೂ ಒಂದೇ ಅಲ್ಲ

ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಪುಡಿ ಮಾಡಿ ಹಾಲು ಬೆಲ್ಲ ಬೆರೆಸುವ ಮಲೆನಾಡು, ಕರಾವಳಿಯ ಕಷಾಯದಲ್ಲಿ ಕೆಫೀನ್ ಇಲ್ಲ. ಅಡುಗೆಯಲ್ಲಿ ಬಳಸುವ ಪ್ರಮಾಣದಲ್ಲಿ ಈ ಸಾಂಬಾರ ಪದಾರ್ಥಗಳಿಂದ ತೊಂದರೆಯಿಲ್ಲ. ಜೀರಿಗೆ ನೀರೂ ಹಾಗೆಯೇ. ಮೊದಲ ತಿಂಗಳುಗಳ ವಾಕರಿಕೆಗೆ ಶುಂಠಿ ಕೊಂಚ ಶಮನ ನೀಡುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಸಿ ಶುಂಠಿಯ ಒಂದೆರಡು ಚೂರು ಕುದಿಸಿದ ನೀರು ಸಾಕು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮಾತ್ರ ವೈದ್ಯರನ್ನು ಕೇಳಿಯೇ ಬಳಸಬೇಕು.

ಆದರೆ ಅನೇಕ ಕಷಾಯದ ಪುಡಿಗಳಲ್ಲಿ, ಕೆಮ್ಮಿನ ಮನೆಮದ್ದುಗಳಲ್ಲಿ ಸೇರಿರುವ ಜ್ಯೇಷ್ಠಮಧು ಅಥವಾ ಅತಿಮಧುರದ ಬಗೆಗೆ ಎಚ್ಚರ ಅಗತ್ಯ. ಇದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ರಕ್ತದೊತ್ತಡ ಏರಿಸಬಲ್ಲದು. ತಾಯಿಯ ಒತ್ತಡದ ಹಾರ್ಮೋನು ಶಿಶುವಿಗೆ ಹೆಚ್ಚಾಗಿ ತಲುಪದಂತೆ ಕಾಯುವ ಮಾಸಿನ ಕಿಣ್ವವನ್ನೂ ಅದು ಕುಗ್ಗಿಸುತ್ತದೆ. ಗರ್ಭಾವಸ್ಥೆಯಲ್ಲಿ ಹೆಚ್ಚು ಗ್ಲಿಸಿರೈಜಿನ್ ಸೇವಿಸಿದ ತಾಯಂದಿರ ಮಕ್ಕಳು ಮುಂದೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹಿಂದುಳಿದರೆಂದು ಫಿನ್ಲೆಂಡಿನಲ್ಲಿ ನಡೆದ ಅಧ್ಯಯನವೊಂದು 2017ರಲ್ಲಿ ವರದಿ ಮಾಡಿತು. ಸಿದ್ಧ ಕಷಾಯದ ಪುಡಿ ಕೊಳ್ಳುವಾಗ ಪೊಟ್ಟಣದ ಮೇಲಿನ ಪಟ್ಟಿಯನ್ನು ಓದುವುದು ಒಳ್ಳೆಯದು.

ತೂಕ ಇಳಿಸುವ ಅಥವಾ ಹೊಟ್ಟೆ ಶುದ್ಧಿ ಮಾಡುವ ಚಹಾ ಎಂದು ಮಾರಾಟವಾಗುವ ಪುಡಿಗಳಲ್ಲಿ ಹಲವು ಬಾರಿ ಸೋನಾಮುಖಿ ಇರುತ್ತದೆ. ಮಲಬದ್ಧತೆ ಗರ್ಭಿಣಿಯರಲ್ಲಿ ಸಾಮಾನ್ಯವಾದರೂ ಅದಕ್ಕೆ ಇಂಥ ಪೇಯಗಳ ಮೊರೆ ಹೋಗದೆ ವೈದ್ಯರನ್ನು ಕಾಣಬೇಕು. ಲೋಳೆಸರದ ರಸವೂ ಬೇಡ.

ಕೇಸರಿ ಹಾಲು, ಅರಿಶಿನ ಹಾಲು

ಮಗುವಿನ ಮೈಬಣ್ಣವನ್ನು ನಿರ್ಧರಿಸುವುದು ತಂದೆತಾಯಿಯ ವಂಶವಾಹಿಗಳೇ ಹೊರತು ಕೇಸರಿಯಲ್ಲ. ರುಚಿ ಪರಿಮಳಕ್ಕೆಂದು ಎರಡು ಮೂರು ಎಸಳು ಹಾಕಿದರೆ ತಪ್ಪಿಲ್ಲ. ಬಣ್ಣದ ಆಸೆಯಿಂದ ಪ್ರಮಾಣ ಹೆಚ್ಚಿಸುವುದು ಮಾತ್ರ ಅಪಾಯ. ಅತಿ ಹೆಚ್ಚು ಪ್ರಮಾಣದ ಕೇಸರಿ ಗರ್ಭಕೋಶವನ್ನು ಕೆರಳಿಸಬಲ್ಲದು. ಬೆಲೆ ಹೆಚ್ಚಿರುವ ಕಾರಣ ಕಲಬೆರಕೆಯ ಭಯವೂ ಇದೆ. ಅರಿಶಿನ ಹಾಲಿಗೆ ಚಿಟಿಕೆ ಅರಿಶಿನ ಸಾಕು. ಅರಿಶಿನದ ಸಾರವಿರುವ ಗುಳಿಗೆಗಳನ್ನು ವೈದ್ಯರ ಅನುಮತಿಯಿಲ್ಲದೆ ಸೇವಿಸಬಾರದು.

ಹಾಲು ಯಾವುದೇ ಆಗಿರಲಿ, ಕುದಿಸಿಯೇ ಬಳಸಬೇಕು. ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್, ಲಿಸ್ಟೀರಿಯೋಸಿಸ್‌ನಂಥ ಸೋಂಕು ತಗಲಬಹುದು. ಇವೆರಡೂ ಗರ್ಭಪಾತಕ್ಕೆ ಕಾರಣವಾಗಬಲ್ಲವು. ಹಳ್ಳಿಯ ಮನೆಗಳಲ್ಲಿ ಕರೆದ ಹಾಲನ್ನು ಹಾಗೆಯೇ ಕುಡಿಯುವ ಪದ್ಧತಿಯನ್ನು ಗರ್ಭಿಣಿಯರು ಕೈಬಿಡಬೇಕು.

ಸಿಹಿಯ ಮಿತಿ

ಡಬ್ಬಿಯ ಮಾಲ್ಟ್ ಪುಡಿಗಳು ಗರ್ಭಿಣಿಗೆ ಶಕ್ತಿ ನೀಡುತ್ತವೆಂಬ ಭಾವನೆ ವ್ಯಾಪಕವಾಗಿದೆ. ಇವುಗಳಲ್ಲಿ ಹಲವಕ್ಕೆ ಸಕ್ಕರೆ ಸಾಕಷ್ಟು ಸೇರಿರುತ್ತದೆ. ಇಂಥ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವರ್ಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಆಹಾರ ಸುರಕ್ಷತಾ ಕಾನೂನಿನಲ್ಲಿ ಅಂಥದೊಂದು ವರ್ಗವೇ ಇಲ್ಲ ಎಂಬುದು ಇದಕ್ಕೆ ಕಾರಣ.

ಗರ್ಭಾವಸ್ಥೆಯ ಮಧುಮೇಹ ಪತ್ತೆಯಾದವರು ಪ್ರತಿ ಲೋಟದ ಸಕ್ಕರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಲ್ಲವಾದರೆ ತೊಂದರೆಯಿಲ್ಲ ಎಂಬುದು ತಪ್ಪು ಕಲ್ಪನೆ. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಸಿಹಿಯಿಲ್ಲದ ಅಥವಾ ಅಲ್ಪ ಸಿಹಿಯ ರಾಗಿ ಗಂಜಿ, ಮಜ್ಜಿಗೆ ಬೆರೆಸಿದ ಅಂಬಲಿ ಉತ್ತಮ ಬದಲಿಗಳು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೊಳಕೆ ಬರಿಸಿದ ರಾಗಿಯ ಪೋಷಕಾಂಶಗಳು ದೇಹಕ್ಕೆ ಇನ್ನೂ ಚೆನ್ನಾಗಿ ದಕ್ಕುತ್ತವೆ. ಆದರೆ ರಾಗಿಯಲ್ಲಿಯೂ ಪಿಷ್ಟವಿರುವುದರಿಂದ ಮಧುಮೇಹವಿರುವವರು ಅದನ್ನು ಆಹಾರದ ಭಾಗವೆಂದೇ ಎಣಿಸಬೇಕು.

ಬಿಸಿಯೂ ಹದವಾಗಿರಲಿ

65 ಡಿಗ್ರಿ ಸೆಲ್ಸಿಯಸ್ ಮೀರಿದ ಅತಿ ಬಿಸಿ ಪೇಯಗಳು ಅನ್ನನಾಳದ ಕ್ಯಾನ್ಸರ್‌ಗೆ ಸಂಭವನೀಯ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ವರ್ಗೀಕರಿಸಿತು. ಇದು ಎಲ್ಲರಿಗೂ ಅನ್ವಯಿಸುವ ಮಾತು. ಬಿಸಿ ಚಹಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿ ತರುವುದನ್ನು ನಿಲ್ಲಿಸಬೇಕು. ಕಾಗದದ ಲೋಟದ ಒಳಪದರವೂ ಬಿಸಿಗೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಬಿಡುತ್ತದೆಂದು ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿ ತೋರಿಸಿದ್ದಾರೆ. ಸ್ಟೀಲ್ ಲೋಟವೇ ಕ್ಷೇಮ. ಎದೆಯುರಿ ಇರುವವರಿಗೆ ಕಾಫಿ ಮತ್ತು ಪುದಿನ ಚಹಾ ಅದನ್ನು ಹೆಚ್ಚಿಸಬಹುದು. ಮಲಗುವ ಮುನ್ನ ಕೆಲವು ಗಂಟೆ ಇವುಗಳನ್ನು ದೂರವಿಡುವುದು ಹಿತಕರ.

ಒಟ್ಟಿನಲ್ಲಿ ಗರ್ಭಿಣಿಯು ಬಿಸಿ ಪೇಯದ ಸುಖವನ್ನೇ ತೊರೆಯಬೇಕಾದ ಅಗತ್ಯವಿಲ್ಲ. ದಿನಕ್ಕೆ ಒಂದು ಲೋಟ ಕಾಫಿ, ಅದೂ ಊಟ ತಿಂಡಿಯಿಂದ ದೂರದ ಹೊತ್ತಿನಲ್ಲಿ. ಉಳಿದ ಹೊತ್ತಿಗೆ ಕುದಿಸಿದ ಹಾಲು, ಜೀರಿಗೆ ನೀರು, ರಾಗಿ ಗಂಜಿ, ತರಕಾರಿ ಸಾರು. ಹಿಂದೆ ಗರ್ಭಪಾತವಾದವರು, ರಕ್ತದೊತ್ತಡ, ಮಧುಮೇಹ ಅಥವಾ ತೀವ್ರ ರಕ್ತಹೀನತೆ ಇರುವವರು ತಮ್ಮ ಮಿತಿಯನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಈ ಅಭ್ಯಾಸ ಗರ್ಭಿಣಿಗೆ ಮಾತ್ರ ಮೀಸಲಾಗದೆ ಮನೆಮಂದಿಯೆಲ್ಲ ಊಟವಾದ ಒಂದು ಗಂಟೆಯ ಬಳಿಕವೇ ಕಾಫಿ ಕುಡಿಯುವಂತಾದರೆ ಆಕೆಗೆ ಅದನ್ನು ಪಾಲಿಸುವುದು ಸುಲಭವಾಗುತ್ತದೆ.